ಎರವಲು ಹೆಸರಿನ ಅರ್ಜಿ

ನಮ್ಮ ಕಡೆ ಮಾಹಿತಿ ಹಕ್ಕಿನ ಅರ್ಜಿ ಬರೆಸಲು ಬಂದವರು ಮೊದಲು ಕೇಳುವುದು ಒಂದೇ: ‘ಯಾರ ಹೆಸರಲ್ಲಿ ಹಾಕೋದು?’ ಏನು ಮಾಹಿತಿ ಬೇಕು, ಅದು ಯಾವ ಕಚೇರಿಯಲ್ಲಿದೆ ಅನ್ನುವುದೆಲ್ಲ ಆಮೇಲೆ. ಹಳ್ಳಿಯಲ್ಲಿದ್ದುಕೊಂಡು ಸ್ವಂತ ಹೆಸರಲ್ಲಿ ಅರ್ಜಿ ಹಾಕಿದರೆ ಕಚೇರಿಯವರೇ ಫೋನು ಮಾಡಿ ಊರಿನ ಯಜಮಾನರಿಗೆ ತಿಳಿಸಿಬಿಡುತ್ತಾರೆ ಎಂಬ ಭಯ. ಆ ಭಯ ಸುಳ್ಳೂ ಅಲ್ಲ. ಅದಕ್ಕೇ ಬೇರೆ ಊರಿನ, ಯಾರ ಹಂಗೂ ಇಲ್ಲದ ಒಬ್ಬರ ಹೆಸರನ್ನು ಎರವಲು ತಂದು ಹಾಕುವ ಪದ್ಧತಿ ನಮ್ಮಲ್ಲಿ ಬೆಳೆದಿತ್ತು. ಕಾನೂನು ಇದನ್ನು ತಡೆಯುವುದಿಲ್ಲ. ಯಾವ ನಾಗರಿಕನಾದರೂ ಕೇಳಬಹುದು, ಯಾಕೆ ಕೇಳುತ್ತಿದ್ದೀಯ ಅಂತ ಅಧಿಕಾರಿ ಕೇಳುವ ಹಾಗಿಲ್ಲ.

ನಾನು ಕುಣಿಗಲ್‌ನಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕಿ. ವಕೀಲಳಲ್ಲ. ವಕೀಲರ ಹತ್ತಿರ ಹೋಗಲು ಹೆದರುವವರಿಗೆ ಅರ್ಜಿ ಬರೆದುಕೊಟ್ಟು, ಯಾವ ಕಿಟಕಿಯ ಮುಂದೆ ನಿಲ್ಲಬೇಕು ಅಂತ ತೋರಿಸುವವಳು. ನಮಗೆಲ್ಲ ಹೆಸರು ಎರವಲು ಕೊಡುತ್ತಿದ್ದವರು ತುಮಕೂರಿನ ಒಬ್ಬ ಹಿರಿಯರು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು. ಭಾನುವಾರ ಅವರ ಮನೆಯ ಮಹಡಿಯ ಮೇಲೆ ನಮ್ಮಂಥವರಿಗೆ ಪಾಠ, ನಡುನಡುವೆ ಕಾಫಿ. ‘ಪಾಪ, ಹಳ್ಳಿಯವರನ್ನ ಮುಂದೆ ಬಿಡಬೇಡಿ. ನನ್ನ ಹೆಸರು ಹಾಕಿ. ನನ್ನನ್ನ ಯಾರು ಏನು ಮಾಡ್ತಾರೆ ನೋಡೋಣ’ ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಅಂಥವರ ಶಿಷ್ಯೆ ಅಂತ ನಾನು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದೂ ಉಂಟು.

ಒಂದು ದಿನ ಹುಲಿಯೂರುದುರ್ಗದ ಕಡೆಯ ಹಳ್ಳಿಯಿಂದ ಒಬ್ಬ ಅಡುಗೆಯಮ್ಮ ಬಂದರು. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವರು. ನನ್ನ ಮೇಜಿನ ಮುಂದೆ ಕುರ್ಚಿಯಿದ್ದರೂ ಕೂರಲಿಲ್ಲ. ಒಂದು ಬೆಳಿಗ್ಗೆ ಒಲೆ ಹಚ್ಚಲು ಹೋದಾಗ ಹೆಡ್‌ಮಾಸ್ಟರು ಬಾಗಿಲಲ್ಲೇ ತಡೆದು, ‘ಮೇಲಿಂದ ನಿನ್ ಮೇಲೆ ರಿಪೋರ್ಟ್ ಬಂದಿದೆ, ನಾಳೆಯಿಂದ ಬರಬೇಡ’ ಅಂದರಂತೆ. ಏನು ರಿಪೋರ್ಟು ಅಂತ ಕೇಳಿದ್ದಕ್ಕೆ, ‘ಅದೆಲ್ಲ ತನಿಖೆ ಆಗೋಗಿದೆ’ ಅಂದು ಒಳಗೆ ಹೋದರಂತೆ. ಅವರ ಜಾಗಕ್ಕೆ ಶಾಲಾ ಸಮಿತಿಯ ಅಧ್ಯಕ್ಷರ ನಾದಿನಿ ಬಂದಾಗಿತ್ತು.

‘ಕೆಲ್ಸ ಕೊಡ್ಸಿ ಅಂತ ಕೇಳಾಕ್ ಬಂದಿಲ್ಲ ಮೇಡಮ್ಮೋರೆ. ಅದ್ರಾಗೆ ನನ್ ಬಗ್ಗೆ ಏನ್ ಬರ್ದವ್ರೆ ಅಂತ ಗೊತ್ತಾಗ್ಬೇಕು. ಮಕ್ಳ ಅನ್ನದಾಗೆ ನಾನೇನಾರ ಮಾಡ್ಬುಟ್ನಾ? ಊರ್‌ನೋರು ಒಂದೊಂದ್ ತರ ಅಂತಾರೆ. ಒಬ್ರು ಅಕ್ಕಿ ಕದ್ಲು ಅಂತಾರೆ, ಒಬ್ರು ಸಾಂಬಾರ್‌ನಾಗೆ ಹುಳ ಬಿದ್ದಿತ್ತು ಅಂತಾರೆ.’

‘ಯಾರು ದೂರು ಕೊಟ್ಟಿರಬಹುದು ಅಂತ ಅನುಮಾನ ಇದೆಯಾ?’

ಅವರು ಸೆರಗಿನ ತುದಿ ತಿರುವಿದರು. ‘ನನ್ ಜೊತೆ ಅಡ್ಗೆ ಮಾಡ್ತಿದ್ಲಲ್ಲ, ಅವ್ಳೇ. ನನ್ನ ಬುಡುಸೋಕೆ ಎಲ್ಡ್ ದಿನ ಮುಂಚೆ ಅವ್ಳನ್ನ ಆಫೀಸ್‌ಗೆ ಕರ್ದಿದ್ರು. ಏನಕ್ಕೆ ಅಂದ್ರೆ ಬ್ಯಾಂಕ್ ಅಕೌಂಟ್‌ಗೆ ಆಧಾರ್ ಜೋಡ್ಸಕ್ಕೆ ಅಂದ್ಲು. ನಂಬ್ಬೇಕಾ?’

ಇಬ್ಬರೂ ವರ್ಷಾನುಗಟ್ಟಲೆ ಒಂದೇ ಒಲೆಯ ಎರಡು ಪಕ್ಕ ನಿಂತವರು. ಒಬ್ಬರು ಅನ್ನ ಬಗ್ಗಿಸಿದರೆ ಇನ್ನೊಬ್ಬರು ತಪ್ಪಲೆ ಹಿಡಿಯುವುದು. ಈಗ ಮಾತು ನಿಂತಿತ್ತು. ಆ ಜೊತೆಗಾತಿಯ ಮಗಳ ಮದುವೆಗೂ ಅಡುಗೆಯಮ್ಮ ಹೋಗಿರಲಿಲ್ಲ. ಕರೆಯಲು ಬಂದವರ ಮುಂದೆ ಬಾಗಿಲು ಹಾಕಿಕೊಂಡೆ ಅಂತ ಅವರೇ ಹೇಳಿದರು. ಹೇಳುವಾಗ ದನಿಯಲ್ಲಿ ಹಟವೂ ಇತ್ತು, ಅಳುವೂ ಇತ್ತು.

ಕೆಲಸ ಸುಲಭದ್ದು ಅಂದುಕೊಂಡೆ. ಒಂದು ವರದಿಯ ದೃಢೀಕೃತ ನಕಲು, ಅಷ್ಟೇ. ಅರ್ಜಿ ನೂರೈವತ್ತು ಪದ ಮೀರಬಾರದು, ಒಂದೇ ವಿಷಯ ಇರಬೇಕು. ನಾನು ಬರೆದದ್ದು ಅದರ ಅರ್ಧವೂ ಆಗಲಿಲ್ಲ. ಪದ್ಧತಿಯ ಪ್ರಕಾರ ಹಿರಿಯರ ಹೆಸರು, ತುಮಕೂರಿನ ವಿಳಾಸ ಹಾಕಿ, ಅವರ ಸಹಿ ತಗೊಂಡು, ಪೋಸ್ಟಲ್ ಆರ್ಡರ್ ಲಗತ್ತಿಸಿ, ಸಂಬಂಧಪಟ್ಟ ಕಚೇರಿಯ ಟಪಾಲು ಮೇಜಿನಲ್ಲಿ ಕೊಟ್ಟು ನಕಲಿನ ಮೇಲೆ ಮುದ್ರೆ ಒತ್ತಿಸಿಕೊಂಡೆ. ಯಾವ ಕಚೇರಿ ಅನ್ನುವುದು ಇಲ್ಲಿ ಬೇಡ. ಅಲ್ಲಿನ ಗುಮಾಸ್ತ ಇವತ್ತೂ ನನಗೆ ನಮಸ್ಕಾರ ಹೇಳುತ್ತಾನೆ.

ಕೆಲವು ದಿನ ಕಳೆದ ಮೇಲೆ ಅಡುಗೆಯಮ್ಮನಿಂದ ಫೋನು.

‘ಮೇಡಮ್ಮೋರೆ, ನಂಗೆ ಸರ್ಕಾರದಿಂದ ನೋಟಿಸ್ ಬಂದದೆ. ತುಮ್ಕೂರಿನ್ ಯಾರೋ ಗಂಡ್ಸು ನನ್ ವಿಷ್ಯ ಎಲ್ಲ ಕೇಳವ್ನಂತೆ. ಕೊಡ್ಬೋದಾ ಬ್ಯಾಡ್ವಾ ಅಂತ ಬರ್ದವ್ರೆ.’

‘ಅಯ್ಯೋ, ಅದು ನಮ್ಮದೇ ಅರ್ಜಿ ಅಮ್ಮ! ನೀವೇನಂದ್ರಿ?’

‘ಬ್ಯಾಡ ಅಂತ ಸೈನ್ ಹಾಕ್ಬುಟ್ಟೆ ಕಣಕ್ಕ. ಹೆಡ್‌ಮಾಸ್ಟ್ರು ಓದಿ ಹೇಳುದ್ರು. ಯಾರೋ ನಿನ್ ಮರ್ಯಾದೆ ತೆಗ್ಯಕ್ಕೆ ಹೊಂಟವ್ನೆ, ಬ್ಯಾಡ ಅಂತ ಬರ್ಕೊಡು ಅಂದ್ರು.’

ನಾನು ಫೋನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಚೇರಿಯ ಕಣ್ಣಿಗೆ ಅರ್ಜಿದಾರರು ತುಮಕೂರಿನವರು, ವರದಿ ಇರುವುದು ಹಳ್ಳಿಯ ಒಬ್ಬ ಹೆಂಗಸಿನ ಮೇಲೆ. ಹಾಗಾಗಿ ಆ ಹೆಂಗಸು ‘ಮೂರನೇ ವ್ಯಕ್ತಿ’. ಮೂರನೇ ವ್ಯಕ್ತಿಯ ವಿಷಯ ಕೇಳಿದರೆ ಅವರ ಅಭಿಪ್ರಾಯ ಪಡೆಯಬೇಕು ಅಂತ ಕಾನೂನೇ ಹೇಳುತ್ತದೆ. ಅವರು ಪಡೆದರು. ಅಡುಗೆಯಮ್ಮನಿಗೆ ನಮ್ಮ ಹಿರಿಯರು ‘ಸಾರು’ ಅಂತ ಗೊತ್ತೇ ಹೊರತು ಇನಿಷಿಯಲ್ ಸಮೇತ ಪೂರ್ತಿ ಹೆಸರು ಗೊತ್ತಿರಲಿಲ್ಲ. ತಮಗೆ ಬೇಕಾದ ವರದಿಯನ್ನು ಕೊಡಬೇಡಿ ಅಂತ ತಾವೇ ಸಹಿ ಹಾಕಿದ್ದರು. ಅವರನ್ನು ಕಾಪಾಡಲು ಅಂತ ಎರವಲು ತಂದ ಹೆಸರು ಅವರ ದಾರಿಗೇ ಅಡ್ಡ ನಿಂತಿತ್ತು.

ತುಮಕೂರಿನ ವಿಳಾಸಕ್ಕೆ ಕಚೇರಿಯ ಉತ್ತರ, ಅಂದರೆ ಹಿಂಬರಹ, ಬಂತು. ಇನ್ನೊಬ್ಬರ ವೈಯಕ್ತಿಕ ಮಾಹಿತಿ, ಅವರು ಆಕ್ಷೇಪಿಸಿದ್ದಾರೆ, ನೀಡಲು ಬರುವುದಿಲ್ಲ.

ತುಮಕೂರಿಗೆ ಓಡಿದೆ. ಹಿರಿಯರು ಅದನ್ನು ನನಗೆ ತೋರಿಸಿ ನಕ್ಕರು. ‘ಪರವಾಗಿಲ್ಲಮ್ಮ. ಆಕೆ ಹತ್ರ ಒಪ್ಪಿಗೆ ಪತ್ರ ಬರೆಸ್ಕೊಂಡು ಬಾ. ಮೊದಲನೇ ಮೇಲ್ಮನವಿ ಹಾಕ್ತೀನಿ. ಆಕೇನೇ ಕೊಡಿ ಅಂದಮೇಲೆ ಇವರು ಇಲ್ಲ ಅನ್ನೋಕಾಗಲ್ಲ.’ ಮೇಲ್ಮನವಿ ಅಂದರೆ ಅದೇ ಇಲಾಖೆಯ ಮೇಲಧಿಕಾರಿಯ ಮುಂದೆ ಹೋಗುವುದು. ಹೋಗಬಹುದಾದವರು ಅರ್ಜಿದಾರರು ಮಾತ್ರ. ಅಡುಗೆಯಮ್ಮನಿಗೂ ನನಗೂ ಅಲ್ಲಿ ಬಾಯಿಲ್ಲ.

ಒಪ್ಪಿಗೆ ಪತ್ರ ಬರೆಸಿದೆ. ಹಿರಿಯರು ಮೇಲ್ಮನವಿ ಸಲ್ಲಿಸಿದರು. ವಿಚಾರಣೆಯ ದಿನಾಂಕ ಬಂತು.

ಆ ದಿನ ಅಡುಗೆಯಮ್ಮ ಮದುವೆಗೆ ಹೊರಟವರ ಹಾಗೆ ಒಳ್ಳೆ ಸೀರೆ ಉಟ್ಟು ಬಂದಿದ್ದರು. ನಾವಿಬ್ಬರೂ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತು ಹಿರಿಯರ ದಾರಿ ಕಾದೆವು. ಬಸ್ಸು ತಡವಾಗಿರಬೇಕು ಅಂದೆ. ಫೋನು ಮಾಡಿದೆ, ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತ ಹೊರಗೆ ಬಂದು, ‘ನೀವ್ಯಾಕೆ ಕೂತಿದೀರ ಮೇಡಂ? ಅದು ಕ್ಲೋಸ್ ಆಯ್ತಲ್ಲ. ಅವರು ಹೋದ ವಾರಾನೇ ಬಂದು ವಾಪಸ್ ತಗೊಂಡ್ರು’ ಅಂದ.

‘ವಾಪಸ್?’

‘ಮೇಲ್ಮನವಿ ಹಿಂಪಡೆದಿದ್ದೇನೆ ಅಂತ ಬರ್ಕೊಟ್ಟವ್ರೆ. ಸಾಹೇಬ್ರ ರೂಮಲ್ಲಿ ಕೂತ್ಕೊಂಡು ಟೀ ಕುಡಿದ್ರು. ನಿಮಗೆ ಹೇಳ್ಲಿಲ್ವಾ?’

ಅಡುಗೆಯಮ್ಮ ನನ್ನ ಮುಖ ನೋಡಿದರು. ಚೀಲದಿಂದ ಬಾಳೆಹಣ್ಣು ತೆಗೆದು, ‘ತಿನ್ನಿ ಅಕ್ಕ, ಬೆಳಗಿಂದ ಏನೂ ತಿಂದಿಲ್ಲ ನೀವು’ ಅಂದರು.

ಸಂಜೆ ಹಿರಿಯರು ತಾವೇ ಫೋನು ಮಾಡಿದರು. ‘ಟೆಕ್ನಿಕಲ್ಲಾಗಿ ಬಿದ್ದೋಗ್ತಿತ್ತಮ್ಮ. ಆರ್ಡರ್ ನಮ್ಮ ವಿರುದ್ಧ ಆದ್ರೆ ಮುಂದಕ್ಕೆ ತೊಂದರೆ. ಅದಕ್ಕೆ ವಾಪಸ್ ತಗೊಂಡೆ. ಸ್ವಲ್ಪ ದಿನ ಬಿಟ್ಟು ಹೊಸದಾಗಿ ಹಾಕೋಣ.’ ನನಗೆ ಮೊದಲೇ ಯಾಕೆ ಹೇಳಲಿಲ್ಲ ಅಂದದ್ದಕ್ಕೆ, ‘ವಯಸ್ಸಾಯ್ತು, ಮರೆತೆ’ ಅಂದರು. ನಂಬಿದೆ. ಗುರುಗಳ ಮೇಲೆ ಅನುಮಾನ ಪಡುವುದು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಅಡುಗೆಯಮ್ಮನಿಗೂ ಅದೇ ಮಾತನ್ನು ನನ್ನ ಬಾಯಿಂದ ಹೇಳಿ ಸಮಾಧಾನ ಮಾಡಿದೆ.

‘ಸ್ವಲ್ಪ ದಿನ’ ಬೆಳೆಯುತ್ತ ಹೋಯಿತು. ಅಡುಗೆಯಮ್ಮ ಹೂವು ಕಟ್ಟುವ ಕೆಲಸಕ್ಕೆ ಹೋಗತೊಡಗಿದ್ದರು. ಶಾಲೆಯ ಮುಂದಿನ ರಸ್ತೆ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿ ಬಸ್ಸಿಗೆ ಬರುತ್ತಿದ್ದರು. ಫೋನು ಮಾಡಿದಾಗಲೆಲ್ಲ ಕೊನೆಗೆ ಅದೇ ಪ್ರಶ್ನೆ: ‘ಅವ್ಳೇ ಹೇಳಿರ್ತಾಳೆ ಅಲ್ವಾ ಅಕ್ಕ? ಇನ್ಯಾರು ಹೇಳ್ತಾರೆ?’ ನನಗೆ ಗೊತ್ತಿಲ್ಲ ಅನ್ನುತ್ತಿದ್ದೆ. ನಿಜಕ್ಕೂ ಗೊತ್ತಿರಲಿಲ್ಲ.

ಹಾಗಿರುವಾಗ ಗುಬ್ಬಿಯಲ್ಲಿ ಒಂದು ತರಬೇತಿ ಇದೆ, ನಮ್ಮಂಥ ಸ್ವಯಂಸೇವಕರೂ ಒಂದಿಬ್ಬರು ಬರಬಹುದು ಅಂತ ಕರೆ ಬಂತು. ವಿಷಯ, ಮಾಹಿತಿ ಹಕ್ಕು ಕಾಯ್ದೆಯಡಿ ಅಧಿಕಾರಿಗಳ ಕರ್ತವ್ಯ. ಗುಬ್ಬಿ ನನ್ನ ತವರು, ಹಾಗೇ ತಮ್ಮನ ಮನೆಗೂ ಹೋಗಿಬರಬಹುದು ಅಂತ ಹೊರಟೆ. ಒಂದು ಬಾಡಿಗೆ ಹಾಲಿನಲ್ಲಿ ಹಲವು ಇಲಾಖೆಗಳ ಮಾಹಿತಿ ಅಧಿಕಾರಿಗಳು, ಗುಮಾಸ್ತರು ಕೂತಿದ್ದರು. ನಾನು ತಡವಾಗಿ ಹೋಗಿ ಹಿಂದಿನ ಸಾಲಿನ ಕಂಬದ ಮರೆಯಲ್ಲಿ ಕೂತೆ. ವೇದಿಕೆಯ ಮೇಲೆ ಮೈಕು ಹಿಡಿದು ನಿಂತಿದ್ದವರು ನಮ್ಮ ಹಿರಿಯರು. ಸಂಪನ್ಮೂಲ ವ್ಯಕ್ತಿ ಅಂತ ಬ್ಯಾನರಿನಲ್ಲಿ ಅವರ ಫೋಟೋ ಇತ್ತು. ನನಗೆ ಮೊದಲು ಖುಷಿಯೇ ಆಯಿತು. ನೋಡು, ಅಧಿಕಾರಿಗಳಿಗೇ ಪಾಠ ಹೇಳಲು ನಮ್ಮ ಸರ್‌ನ ಕರೆದಿದ್ದಾರೆ ಅಂತ ಪಕ್ಕದವಳಿಗೆ ಪಿಸುಗುಟ್ಟಿದೆ.

ಅವರು ಚೆನ್ನಾಗಿ ಮಾತಾಡುತ್ತಾರೆ. ಸಭೆ ನಗುತ್ತಿತ್ತು. ಮೂರನೇ ವ್ಯಕ್ತಿಯ ವಿಷಯ ಬಂದಾಗ, ‘ಒಂದು ಉದಾಹರಣೆ ಹೇಳ್ತೀನಿ’ ಅಂದರು. ‘ಅರ್ಜಿದಾರ ನಾನೇ ಅಂತ ಇಟ್ಕೊಳ್ಳಿ. ಒಬ್ಬ ಅಡುಗೆ ಹೆಂಗಸಿನ ಮೇಲಿನ ತನಿಖಾ ವರದಿ ಕೇಳ್ತೀನಿ. ಇಲ್ಲಿ ಮಜಾ ಏನು ಗೊತ್ತಾ? ವರದೀನೇ ಇಲ್ಲ! ತನಿಖೇನೇ ಆಗಿಲ್ಲ. ಫೈಲು ನಾನೇ ನೋಡಿದೀನಿ, ಬರೀ ಹೊಸ ಹೆಂಗಸನ್ನ ತಗೊಂಡ ಒಂದು ಹಾಳೆ. ಈಗ ಅಧಿಕಾರಿ ಏನು ಮಾಡಬೇಕು? ವರದಿ ಇಲ್ಲ ಅಂತ ಬರ್ಕೊಟ್ರೆ ನಾಳೆ ತಾನೇ ಸಿಕ್ಕಿಹಾಕ್ಕೊತಾನೆ. ಆ ಅಧಿಕಾರಿ ಜಾಣ. ಆಕೆಗೇ ನೋಟಿಸ್ ಕಳಿಸಿದ. ಆಕೆ ಬೇಡ ಅಂತ ಸೈನ್ ಹಾಕಿದ್ಲು! ಮುಗೀತು, ಕಾನೂನಿನ ಪ್ರಕಾರವೇ ಮುಗೀತು.’

ಹಾಲಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಒಬ್ಬರು ಬರೆದುಕೊಂಡರು.

ವರದಿ ಇಲ್ಲ. ಯಾರೂ ದೂರು ಕೊಟ್ಟಿಲ್ಲ. ಅದು ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಮೇಲ್ಮನವಿ ಹಿಂಪಡೆದರು, ಗೊತ್ತಿದ್ದೂ ‘ಟೆಕ್ನಿಕಲ್’ ಅಂದರು. ಆ ಹೆಂಗಸು ಕೆರೆ ಏರಿ ಸುತ್ತಿ ಓಡಾಡುವಾಗ, ಗೆಳತಿಯನ್ನು ಮನಸ್ಸಿನಲ್ಲೇ ಶಪಿಸುವಾಗ ಇವರ ಹತ್ತಿರ ಉತ್ತರವಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದು ಇಲ್ಲಿ ಉದಾಹರಣೆ ಮಾಡಿ ಬಡಿಸುತ್ತಿದ್ದರು.

ಟೀ ವಿರಾಮದಲ್ಲಿ ಎದುರು ಹೋಗಿ ನಿಂತೆ. ನನ್ನನ್ನು ನೋಡಿ ಅವರ ಕೈಯ ಕಪ್ಪು ಒಂದು ಕ್ಷಣ ನಿಂತಿತು. ಆಮೇಲೆ ಎಂದಿನ ನಗು.

‘ಓ, ನೀನೂ ಬಂದಿದೀಯಾ! ಊಟ ಮಾಡ್ಕೊಂಡು ಹೋಗಮ್ಮ.’

‘ಫೈಲು ಯಾವಾಗ ನೋಡಿದ್ರಿ ಸರ್?’

‘ವಿಚಾರಣೆಗೆ ಮುಂಚೆ. ಸಾಹೇಬ್ರೇ ಕರೆದು ತೋರಿಸಿದ್ರು. ಒಳ್ಳೆ ಮನುಷ್ಯ. ಅವರೇ ನನ್ನ ಹೆಸರು ಈ ತರಬೇತಿಗೆ ಹೇಳಿದ್ದು.’

‘ಆಕೆಗೆ ಒಂದು ಮಾತು ಹೇಳಬಹುದಿತ್ತಲ್ಲ. ನಿನ್ನ ಮೇಲೆ ಯಾರೂ ದೂರು ಕೊಟ್ಟಿಲ್ಲ ಅಂತ, ಅಷ್ಟೇ.’

‘ಹೇಳಿದ್ರೆ ಆಕೆ ಸುಮ್ನಿರ್ತಾಳಾ? ಕೋರ್ಟು ಕಚೇರಿ ಅಂತ ಅಲೀತಾಳೆ. ಆಫೀಸರ್‌ಗೂ ತೊಂದರೆ.’ ದನಿ ತಗ್ಗಿಸಿದರು. ‘ನೋಡಮ್ಮ, ಎಷ್ಟು ದಿನ ಅಂತ ಹೊರಗೆ ನಿಂತು ಕಲ್ಲು ಹೊಡೆಯೋದು? ಒಳಗೆ ಹೋದ್ರೆ ನಾಲ್ಕು ಕೆಲಸ ಮಾಡಿಸ್ಬಹುದು. ಒಂದು ಅರ್ಜಿ ಬಿಟ್ಟುಕೊಟ್ಟೆ, ನಾಳೆ ಹತ್ತು ಆಗುತ್ತೆ.’

‘ಅದು ನಿಮ್ಮ ಅರ್ಜಿ ಅಲ್ಲ ಸರ್, ಬಿಟ್ಟುಕೊಡೋಕೆ.’

‘ಕಾಗದದ ಮೇಲೆ ನನ್ನದೇ ತಾನೇ?’ ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಪಾಠ ಹೇಳುವಾಗಿನ ದನಿಯಲ್ಲೇ ಹೇಳಿದರು. ಅದು ನಿಜವೂ ಆಗಿತ್ತು. ಅವರ ಸಹಿ ಬಿದ್ದ ಆ ಕಾಗದವನ್ನು ನಾನೇ ಕೈಯಾರೆ ಕೊಂಡೊಯ್ದು ಮುದ್ರೆ ಒತ್ತಿಸಿದ್ದೆ.

ತಮ್ಮನ ಮನೆಗೆ ಹೋಗಲಿಲ್ಲ. ತುಮಕೂರಿನ ಬಸ್ಸು, ಅಲ್ಲಿಂದ ಕುಣಿಗಲ್ ಬಸ್ಸು. ಅವರ ಮಹಡಿಯ ಮೇಲೆ ಕೂತು ಕುಡಿದ ಕಾಫಿಯೆಲ್ಲ ಕಹಿಯಾಯಿತು. ಕುಣಿಗಲ್ ತಲುಪುವ ಹೊತ್ತಿಗೆ ಒಂದು ಮಾತು ಗಟ್ಟಿಯಾಗಿತ್ತು. ಇನ್ನು ಮೇಲೆ ನನ್ನ ಮೇಜಿನ ಮೇಲೆ ಎರವಲು ಹೆಸರಿನ ಅರ್ಜಿ ಬರೆಯುವುದಿಲ್ಲ. ಕೇಳುವವರು ಯಾರೋ ಅವರದೇ ಹೆಸರು.

ಅಡುಗೆಯಮ್ಮನಿಗೆ ನಾನು ಕೇಳಿಸಿಕೊಂಡದ್ದನ್ನು ಹೇಳಿದೆ. ವರದಿಯೇ ಇಲ್ಲವಂತೆ ಅಂದಾಗ ಅವರು ನಂಬಲಿಲ್ಲ.

‘ಆ ಸಾರು ಹೇಳಿದ್ದೆಲ್ಲ ಸುಳ್ಳಾಯ್ತಲ್ಲ. ಇದೊಂದ್ ಮಾತ್ರ ಎಂಗ್ ನಿಜ ಆದಾತು?’

ಸರಿಯಾದ ಪ್ರಶ್ನೆ. ಹಾಗಾದರೆ ಕಚೇರಿಯ ಬಾಯಿಂದಲೇ ಹೇಳಿಸೋಣ, ಈ ಸಲ ನಿಮ್ಮ ಹೆಸರಲ್ಲಿ ಅಂದೆ. ಅವರ ಮುಖ ಬಾಡಿತು.

‘ನನ್ ಹೆಸ್ರು ಹಾಕುದ್ರೆ ಊರಾಗೆ ಇರಾಕಾಯ್ತದಾ ಅಕ್ಕ?’

‘ಹೋದ ಸಲ ಹಾಕಲಿಲ್ಲ. ಊರಿಗೆ ಗೊತ್ತಾಗದೆ ಉಳೀತಾ?’

ಅವತ್ತು ಕುರ್ಚಿಯ ಮೇಲೆ ಕೂತಿದ್ದರು. ಅದನ್ನು ಮೇಜಿನ ಹತ್ತಿರ ಎಳೆದುಕೊಂಡು, ‘ಎಲ್ಲಿ ಹಾಕ್ಬೇಕು ಸೈನು, ತೋರ್ಸಿ’ ಅಂದರು.

ಬಿಪಿಎಲ್ ಕಾರ್ಡಿನ ನಕಲು ಲಗತ್ತಿಸಿದ್ದರಿಂದ ಶುಲ್ಕವೂ ಬೇಕಾಗಲಿಲ್ಲ. ಪ್ರಶ್ನೆಯನ್ನು ಈ ಸಲ ನುಣುಚಿಕೊಳ್ಳಲು ಬರದ ಹಾಗೆ ಬರೆದೆ. ‘ನನ್ನನ್ನು ಕೆಲಸದಿಂದ ತೆಗೆಯಲು ಆಧಾರವಾದ ದೂರು ಮತ್ತು ತನಿಖಾ ವರದಿಯ ದೃಢೀಕೃತ ನಕಲು ಕೊಡಿ. ಅಂಥ ದಾಖಲೆ ಇಲ್ಲದಿದ್ದರೆ ಇಲ್ಲ ಎಂದು ತಿಳಿಸಿ.’ ಟಪಾಲು ಮೇಜಿನ ಮುಂದೆ ಅಡುಗೆಯಮ್ಮ ತಾವೇ ನಿಂತು ಕೊಟ್ಟರು. ಗುಮಾಸ್ತ ಹೆಸರು ಓದಿ, ಮುಖ ನೋಡಿ, ಮುದ್ರೆ ಒತ್ತಿದ.

ಊರಲ್ಲಿ ಮಾತು ಬಂತು. ಸಮಿತಿಯ ಅಧ್ಯಕ್ಷರು ಮನೆ ಮುಂದೆ ಬೈಕು ನಿಲ್ಲಿಸಿ, ‘ಏನಮ್ಮೋ, ಸರ್ಕಾರದ ಮೇಲೇ ಅರ್ಜಿ ಹಾಕ್ತೀಯಂತೆ’ ಅಂದರಂತೆ. ‘ನನ್ ಮೇಲೆ ನಾನೇ ಹಾಕ್ಕೊಂಡಿದೀನಿ ಬುಡಿ’ ಅಂದರಂತೆ ಇವರು. ಇದನ್ನು ಫೋನಿನಲ್ಲಿ ಹೇಳುವಾಗ ಮೊದಲ ಸಲ ಅವರು ನಕ್ಕಿದ್ದು ಕೇಳಿದೆ.

ಈಗ ಮೂರನೇ ವ್ಯಕ್ತಿ ಯಾರೂ ಇರಲಿಲ್ಲ. ಕಾನೂನಿನ ಗಡುವು ಮೂವತ್ತು ದಿನ. ಅದು ಮುಗಿಯುವ ಹೊತ್ತಿಗೆ ರಿಜಿಸ್ಟರ್ ಅಂಚೆ ಬಂತು. ಒಂದೇ ಹಾಳೆ. ಸದರಿಯವರ ವಿರುದ್ಧ ಯಾವುದೇ ದೂರು ಸ್ವೀಕೃತವಾಗಿರುವುದಿಲ್ಲ, ಯಾವುದೇ ತನಿಖಾ ವರದಿ ಈ ಕಚೇರಿಯ ಕಡತದಲ್ಲಿ ಲಭ್ಯವಿರುವುದಿಲ್ಲ. ಕೆಳಗೆ ಸಹಿ, ಮೊಹರು.

ಇದನ್ನು ಇಟ್ಟುಕೊಂಡು ಕೆಲಸಕ್ಕೆ ವಾಪಸ್ ತಗೊಳ್ಳಿ ಅಂತ ಮನವಿ ಕೊಟ್ಟಿದ್ದೇವೆ. ಅದು ನಡೆಯುತ್ತಿದೆ, ಕೆಲಸ ಸಿಕ್ಕರೂ ಸಿಗಬಹುದು. ಆದರೆ ಅವತ್ತು ಅಡುಗೆಯಮ್ಮ ಕೆಲಸದ ಮಾತು ಎತ್ತಲೇ ಇಲ್ಲ. ಹಾಳೆಯನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದರು. ಆಮೇಲೆ, ‘ಅಂಗಾದ್ರೆ ಅವ್ಳು ಹೇಳಿರ್ಲಿಲ್ಲ’ ಅಂದರು. ‘ನನ್ ಜೊತೆ ಬನ್ನಿ ಅಕ್ಕ. ನಾನೊಬ್ಳೇ ಹೋದ್ರೆ ಬಾಗ್ಲು ತೆಗೀದೆ ಹೋದಾಳು. ನೀವ್ ಓದಿ ಹೇಳಿ.’

ಹೋದೆವು. ಜೊತೆಗಾತಿ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ನೋಡಿ ಏಳಲಿಲ್ಲ, ಒಳಗೂ ಹೋಗಲಿಲ್ಲ. ಅಡುಗೆಯಮ್ಮ ಅಂಗಳದಲ್ಲೇ ನಿಂತರು. ನಾನು ಹಾಳೆ ತೆಗೆದು ಸರ್ಕಾರಿ ಕನ್ನಡದಲ್ಲೇ ಓದಿ, ಆಮೇಲೆ ಬಿಡಿಸಿ ಹೇಳಿದೆ. ಯಾರೂ ದೂರು ಕೊಟ್ಟಿಲ್ಲ ಅಂತ ಕಚೇರಿಯವರೇ ಬರೆದುಕೊಟ್ಟಿದ್ದಾರೆ ಅಂದೆ.

‘ನಿನ್ನ ತಪ್ ತಿಳ್ಕೊಂಬುಟ್ಟೆ ಕಣೇ’ ಅಂದರು ಅಡುಗೆಯಮ್ಮ.

ಜೊತೆಗಾತಿ ಹಾಳೆಗೆ ಕೈ ಚಾಚಿದರು. ಕೊಟ್ಟೆ. ಕೆಳಗಿದ್ದ ಮೊಹರನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿ ನೋಡಿದರು. ಸಿಪ್ಪೆಯ ಹಸಿರು ಅದರ ಅಂಚಿಗೆ ಅಂಟಿತು. ಮಡಚಿ ನನಗೆ ವಾಪಸ್ ಕೊಟ್ಟು, ಅಡುಗೆಯಮ್ಮನ ಕಡೆ ತಿರುಗಿದರು.

‘ಅವತ್ತೇ ಹೇಳಿದ್ನಲ್ಲೇ, ನಾನ್ ಹೋಗಿದ್ದು ಆಧಾರ್‌ಗೆ ಅಂತ. ಇಷ್ಟ್ ವರ್ಷ ಒಂದೇ ಒಲೆ ಮುಂದೆ ನಿಂತ್ಕಂಡ್ ಹೇಳಿದ್ ಮಾತ ನಂಬ್ಲಿಲ್ಲ. ಈಗ ಸರ್ಕಾರ ಸೀಲ್ ಹಾಕ್ ಕೊಟ್ಮೇಲೆ ನಂಬುದ್ಯೇನೇ?’

ಅಡುಗೆಯಮ್ಮ ಮೆಟ್ಟಿಲ ಮೇಲೆ ಕೂತು ಮೊರಕ್ಕೆ ಕೈ ಹಾಕಿ ಅವರೆಕಾಯಿ ಸುಲಿಯತೊಡಗಿದರು. ಜೊತೆಗಾತಿ ಬೇಡ ಅನ್ನಲಿಲ್ಲ. ಮೊರವನ್ನು ಮಾತ್ರ ಸ್ವಲ್ಪ ತಮ್ಮ ಕಡೆಗೆ ಎಳೆದುಕೊಂಡರು.